ಎಡಗಡೆ ಅಕ್ಕನದು

ನಾನು ಹುಟ್ಟಾ ಪುಕ್ಕಲ. ಬಸ್ಸು ಸ್ವಲ್ಪ ತಡವಾದರೆ ಎಲ್ಲೋ ಅಪಘಾತವೇ ಆಗಿರಬೇಕು ಎಂದು ನಂಬುವವನು. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತುವ ಮೊದಲೇ ಯಾರಿಗೆ ಏನಾಗಿರಬಹುದು ಎಂದು ಮನಸ್ಸಿನಲ್ಲಿ ಎಲ್ಲರ ಮುಖ ನೋಡಿ ಬರುವವನು. ಇಂಥವನನ್ನು ಒಂದು ಮಕ್ಕಳ ಆಟ ತಿಂಗಳುಗಟ್ಟಲೆ ನಡುಗಿಸಿತು ಎಂದರೆ ನನ್ನನ್ನು ಬಲ್ಲವರು ನಗುತ್ತಾರೆ. ನಗಲಿ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಕಲ್ಲಡ್ಕದಲ್ಲಿ ಹೆದ್ದಾರಿಯ ಪಕ್ಕ ಒಂದು ಬೇಕರಿ. ಅದರ ಮೇಲಿನ ಕೋಣೆಯಲ್ಲಿ ನನ್ನ ಕೆಲಸ. ಹಿಂದೆ ಟೀವಿಗೆ ಜೋಡಿಸಿ, ಕ್ಯಾಸೆಟ್ ಸಿಕ್ಕಿಸಿ ಆಡುತ್ತಿದ್ದ ವೀಡಿಯೋ ಗೇಮ್‌ಗಳನ್ನು ಈಗಿನ ಮೊಬೈಲಿನಲ್ಲಿ ಓಡುವ ಹಾಗೆ ಮಾಡಿಕೊಡುತ್ತೇನೆ. ಆ ಗೇಮ್‌ಗಳನ್ನೆಲ್ಲ ಬರೆದದ್ದು ಅಸೆಂಬ್ಲಿಯಲ್ಲಿ. ಅಂದರೆ ಯಂತ್ರಕ್ಕೆ ನೇರವಾಗಿ ಕೊಟ್ಟ ಅಪ್ಪಣೆಗಳು, ಒಂದು ಸಾಲಿಗೆ ಒಂದೇ ಅಪ್ಪಣೆ. ಈ ಸಂಖ್ಯೆ ಎತ್ತು, ಅಲ್ಲಿಡು, ಒಂದು ಕಳೆ, ಸೊನ್ನೆಯಾದರೆ ಆಚೆ ಹೋಗು. ಪರದೆಯ ಮೇಲೆ ಒಬ್ಬ ಪುಟ್ಟ ಮನುಷ್ಯ ಒಂದು ಹೆಜ್ಜೆ ಇಡಬೇಕಾದರೆ ಇಂಥ ನೂರಾರು ಸಾಲು ಬೇಕು. ಅವನ್ನು ಓದಿ, ಅರ್ಥ ಮಾಡಿಕೊಂಡು, ಈಗಿನ ಭಾಷೆಯಲ್ಲಿ ಮತ್ತೆ ಬರೆಯಬೇಕು. ಬರೆದವರು ಎಂದೋ ಬರೆದು ಎದ್ದು ಹೋಗಿರುತ್ತಾರೆ, ಕೇಳುವ ಎಂದರೆ ಯಾರೂ ಸಿಗುವುದಿಲ್ಲ. ಆದ್ದರಿಂದ ಯಾಕಿದೆಯೆಂದು ಗೊತ್ತಾಗದ ಸಾಲನ್ನು ಮುಟ್ಟಲೇಬಾರದು. ಒಟ್ಟಿನಲ್ಲಿ ಹೆದರುವವರಿಗೆ ಹೇಳಿ ಮಾಡಿಸಿದ ಕೆಲಸ.

ಹೋದ ವರ್ಷ ವಿದೇಶದ ಒಬ್ಬ ಗಿರಾಕಿ ಕಳಿಸಿದ ಗೇಮಿನ ಹೆಸರು ನೋಡಿದವನೇ ಕುರ್ಚಿಯಿಂದ ಎದ್ದುಬಿಟ್ಟೆ. ಅದು ನಮ್ಮದೇ ಆಟ. ನನ್ನದು ಮತ್ತು ಅಕ್ಕನದು.

ನಾವು ಆಗ ಬಿ.ಸಿ. ರೋಡಿನಲ್ಲಿ ಬಾಡಿಗೆಗಿದ್ದೆವು. ಗಲ್ಫಿನ ಹೋಟೆಲೊಂದರಲ್ಲಿದ್ದ ನಮ್ಮ ಮಾಮ ರಜೆಗೆ ಬರುವಾಗ ಆ ಯಂತ್ರವನ್ನೂ ಈ ಒಂದು ಕ್ಯಾಸೆಟ್ಟನ್ನೂ ತಂದಿದ್ದರು. ತಲೆಯ ಮೇಲೆ ಲಾಟೀನು ಹೊತ್ತ ಒಬ್ಬ ಮನುಷ್ಯ ಸುರಂಗಗಳನ್ನು ದಾಟುತ್ತಾ ಹೋಗುವ ಆಟ. ನಾವು ಅವನನ್ನು ಲಾಟೀನಿನವ ಎಂದೇ ಕರೆಯುತ್ತಿದ್ದೆವು. ಯಂತ್ರದ ಜೊತೆ ಬಂದ ಎರಡು ಕಂಟ್ರೋಲರಿನಲ್ಲಿ ಒಂದರ ವಯರನ್ನು ಮೊದಲ ವಾರವೇ ಇಲಿ ಕಡಿಯಿತು. ಉಳಿದ ಒಂದಕ್ಕಾಗಿ ನಾನೂ ಅಕ್ಕನೂ ಹೊಡೆದಾಡುವುದನ್ನು ನೋಡಿ, ಮಡಿಲಿನಲ್ಲಿ ಬೀಡಿಯ ತಡ್ಪೆ, ಅಂದರೆ ಮೊರ, ಇಟ್ಟುಕೊಂಡಿದ್ದ ಅಮ್ಮ ತಲೆಯೆತ್ತದೆಯೇ ತೀರ್ಪು ಕೊಟ್ಟರು.

"ಅರ್ಧ ಅವಳು ಹಿಡೀಲಿ, ಅರ್ಧ ನೀನು ಹಿಡಿ. ಇನ್ನೊಮ್ಮೆ ಗಲಾಟೆ ಕೇಳಿದ್ರೆ ಒಲೆಗೆ ಹಾಕ್ತೇನೆ."

ಹಾಗೆ ಎಡಗಡೆ ಅಕ್ಕನದು, ಬಲಗಡೆ ನನ್ನದು ಆಯಿತು. ಲಾಟೀನಿನವನನ್ನು ಹಿಂದೆ ಮುಂದೆ ನಡೆಸುವವಳು ಅವಳು, ಹಾರಿಸುವವನು ನಾನು. ಮೂರನೇ ಹಂತದಲ್ಲಿ ಒಂದು ದೊಡ್ಡ ಗುಂಡಿ, ಅದರ ಮೇಲೆ ಏರಿಳಿಯುವ ಹಲಗೆಗಳು. ಹಲಗೆಗೆ ಕಾಲು ತಾಗಿದ ಕೂಡಲೇ ಒಂದು ಹೆಜ್ಜೆ ಹಿಂದೆ, ತಕ್ಷಣ ಮುಂದೆ, ಆಮೇಲೆ ಹಾರಬೇಕು. ಚೂರು ತಡವಾದರೆ ಗುಂಡಿಯೇ ಗತಿ. ನಾವು ಅದನ್ನು ಕಣ್ಣು ಮುಚ್ಚಿ ದಾಟುತ್ತಿದ್ದೆವು, ನಿಜವಾಗಿಯೂ ಕಣ್ಣು ಮುಚ್ಚಿ, ಪಂಥ ಕಟ್ಟಿ. ಅಕ್ಕ ಆಗಲೇ ಅಮ್ಮನ ಜೊತೆ ಬೀಡಿ ಕಟ್ಟುತ್ತಿದ್ದಳು. ಎಲೆ ಸುತ್ತಿ, ನೂಲು ಬಿಗಿದು, ಬಾಯಿ ಮಡಚಿ ತಡ್ಪೆಗೆ ಹಾಕುವುದರಲ್ಲಿ ನಮ್ಮ ಕೇರಿಯಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಆ ಬೆರಳುಗಳಿಗೆ ಈ ಹಲಗೆಗಳು ಯಾವ ಲೆಕ್ಕ.

ಇಲ್ಲಿ ಅಪ್ಪನ ಮಾತೂ ಹೇಳಬೇಕು. ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಅಪ್ಪ ಬೆಳ್ತಂಗಡಿಯಿಂದ ವೇಣೂರಿನ ಮೇಲಾಗಿ ಮೂಡುಬಿದಿರೆಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ನೋಟುಗಳನ್ನು ಉದ್ದಕ್ಕೆ ಮಡಚಿ ಎಡಗೈಯ ಬೆರಳುಗಳ ಸಂದಿಗೆ ಸಿಕ್ಕಿಸಿಕೊಂಡು, ಯಾವುದನ್ನೂ ಹಿಡಿದುಕೊಳ್ಳದೆ ಬಾಗಿಲಲ್ಲಿ ನಿಲ್ಲುತ್ತಿದ್ದರು. ನಾನು ಕಾಲೇಜಿನಲ್ಲಿದ್ದಾಗ ಆ ಬೆರಳುಗಳ ಸಂದಿಯಿಂದ ನೋಟುಗಳು ಜಾರತೊಡಗಿದವು. ಪ್ರಯಾಣಿಕರು ಸೀಟಿನಡಿಯಿಂದ ಹೆಕ್ಕಿ ಕೊಡುತ್ತಿದ್ದರು. ಅಪ್ಪ ತುಂಬ ಸಮಯ ಬಸ್ಸಿನ ಮೇಲೆಯೇ ತಪ್ಪು ಹೊರಿಸಿದರು. ಹೊಸ ಡ್ರೈವರನಿಗೆ ಬ್ರೇಕ್ ಹಾಕಲಿಕ್ಕೆ ಬರುವುದಿಲ್ಲ, ರಸ್ತೆಯಲ್ಲಿ ಹೊಂಡ ಜಾಸ್ತಿ ಎಂದರು. ಆಮೇಲೆ ಮನೆಯಲ್ಲಿ ಸುಮ್ಮನೆ ಕೂತಿರುವಾಗಲೂ ಅವರ ಎಡಗೈಯ ಹೆಬ್ಬೆರಳು ತೋರುಬೆರಳಿನ ಮೇಲೆ ತಾನೇ ತಾನಾಗಿ ಉಜ್ಜತೊಡಗಿತು. "ಇವರೂ ಬೀಡಿ ಕಟ್ಲಿಕ್ಕೆ ಶುರು ಮಾಡಿದ್ರು" ಎಂದು ಅಮ್ಮ ತಮಾಷೆ ಮಾಡಿದರು. ಡಾಕ್ಟರು ಪಾರ್ಕಿನ್ಸನ್ ಎಂದ ದಿನದಿಂದ ಆ ತಮಾಷೆ ನಿಂತಿತು. ಕೊನೆಗೆ ಅಪ್ಪನಿಗೆ ಒಂದು ತುತ್ತು ಬಾಯಿಗಿಡಲೂ ಆಗಲಿಲ್ಲ. ಮಕ್ಕಳಿಗೆ ಬರಲೇಬೇಕೆಂದೇನಿಲ್ಲ ಎಂದು ಡಾಕ್ಟರು ಹೇಳಿದ್ದರು. ಬರುವುದೇ ಇಲ್ಲ ಎಂದು ಹೇಳಿರಲಿಲ್ಲ. ಅಪ್ಪನಿಗೆ ಅದು ಶುರುವಾದ ವಯಸ್ಸಿಗೆ ನಾನೀಗ ಹತ್ತಿರ ಬಂದಿದ್ದೇನೆ.

ಗೇಮಿನ ಮೊದಲ ಮೂರು ಹಂತ ಬರೆದು ಮುಗಿಸಿ, ಮೊಬೈಲಿಗೆ ಹಾಕಿ, ಖುಷಿಯಿಂದ ಆಡಲು ಕೂತೆ. ಲಾಟೀನಿನವ ಓಡಿದ. ಓಡಿದ ಎಂದೇ ಹೇಳಬೇಕು, ಯಾಕೆಂದರೆ ನನ್ನ ನೆನಪಿನಲ್ಲಿ ಅವನು ನಡೆಯುತ್ತಿದ್ದವನು. ಹಾಡು ಸಹ ಯಾರೋ ಹಿಂದೆ ಅಟ್ಟಿಸಿಕೊಂಡು ಬಂದಂತೆ ಬಡಬಡ ಕೇಳಿಸುತ್ತಿತ್ತು. ಹಲಗೆಗಳ ಹತ್ತಿರ ಬಂದೆ, ಬಿದ್ದೆ. ಮತ್ತೆ ಆಡಿದೆ, ಮತ್ತೆ ಬಿದ್ದೆ. ಮಧ್ಯಾಹ್ನದ ಊಟದ ಹೊತ್ತಿನವರೆಗೂ ಬೀಳುತ್ತಲೇ ಇದ್ದೆ.

ನಾನೇ ಎಲ್ಲೋ ಎಡವಟ್ಟು ಮಾಡಿದ್ದೇನೆ ಎಂದುಕೊಂಡು ಅಸೆಂಬ್ಲಿಯನ್ನು ಮೊದಲಿನಿಂದ ಓದಿದೆ. ಎಲ್ಲವೂ ಸರಿಯಾಗಿತ್ತು. ಕೊನೆಗೆ ವೇಗವನ್ನು ಹೆಚ್ಚುಕಡಿಮೆ ಮಾಡುವ ಒಂದು ಪಟ್ಟಿಯನ್ನು ಪರದೆಯ ಮೇಲೆ ತಂದು, ಬೆರಳಿನಿಂದ ಎಳೆದು ಎಳೆದು, ಹಾಡು ನನ್ನ ಕಿವಿಗೆ ಒಗ್ಗುವ ತನಕ, ಹಾರುವ ಗಳಿಗೆ ನನ್ನ ಬಲಗೈಗೆ ಒಗ್ಗುವ ತನಕ ನಿಧಾನ ಮಾಡಿದೆ. ಲಾಟೀನಿನವ ಮತ್ತೆ ಮೊದಲಿನ ಹಾಗೆ ನಡೆದ. ಅದನ್ನೇ ಗಿರಾಕಿಗೆ ಕಳಿಸಿದೆ.

ಮರುದಿನವೇ ಉತ್ತರ ಬಂತು. ಎಲ್ಲವೂ ಯಾಕೆ ತೂಕಡಿಸುತ್ತಿದೆ, ಮೂಲದ ಗೇಮ್ ಹೀಗಿಲ್ಲವಲ್ಲ ಎಂದು ಆತ ಸೌಜನ್ಯದಿಂದಲೇ ಕೇಳಿದ್ದ. ಜೊತೆಗೆ ಹಳೆಯ ಯಂತ್ರದಲ್ಲಿ ಆಡಿದ ಒಂದು ವೀಡಿಯೋ ಇಟ್ಟಿದ್ದ. ನೋಡಿದೆ. ಲಾಟೀನಿನವ ಓಡುತ್ತಿದ್ದ, ಹಾಡು ಬಡಬಡ ಎನ್ನುತ್ತಿತ್ತು. ಯಾರೋ ಒಬ್ಬರು ಆ ವೇಗದಲ್ಲಿಯೇ ಹಲಗೆಗಳನ್ನು ದಾಟಿ ಹೋದರು.

ಗೇಮ್ ಇದ್ದದ್ದೇ ಹೀಗೆ. ಹಾಗಾದರೆ ನಿಧಾನವಾದದ್ದು ನಾನು. ಅಪ್ಪ ಬಸ್ಸಿನ ಮೇಲೆ ಹಾಕಿದ್ದನ್ನು ನಾನು ಗೇಮಿನ ಮೇಲೆ ಹಾಕುತ್ತಿದ್ದೇನೆ.

ವೇಗವನ್ನು ಮೊದಲಿನಂತೆ ಮಾಡಿ ಇನ್ನೊಮ್ಮೆ ಆಡಿದೆ, ಈ ಸಲ ಕೈಯನ್ನು ನೋಡುತ್ತಾ. ಬಲಗೈ ಹೇಗೋ ಏಗುತ್ತಿತ್ತು. ಎಡಗೈ ಮಾತ್ರ ಏನೂ ಗೊತ್ತಿಲ್ಲದವರ ಹಾಗೆ ತಡವರಿಸುತ್ತಿತ್ತು. ಹಿಂದೆ ಒತ್ತಬೇಕಾದಲ್ಲಿ ಮುಂದೆ, ಮುಂದೆ ಒತ್ತಬೇಕಾದಲ್ಲಿ ಸುಮ್ಮನೆ. ನಿಧಾನದ ಗೇಮಿನಲ್ಲಿಯೂ ಅದರದು ಅದೇ ಪಾಡು. ಅಪ್ಪನಿಗೆ ಶುರುವಾದದ್ದೂ ಎಡಗೈಯಿಂದಲೇ.

ಅಲ್ಲಿಂದ ನನ್ನ ಬದುಕು ನನ್ನ ಮೇಲೆಯೇ ಪತ್ತೇದಾರಿಕೆ ಮಾಡುವ ಕೆಲಸವಾಯಿತು. ಶರ್ಟಿನ ಬಟನ್ ಹಾಕುವಾಗ ಯಾವ ಬೆರಳು ತಡ ಮಾಡಿತು ಎಂದು ನೋಡಿದೆ. ನಡೆಯುವಾಗ ಎಡಗೈ ಬೀಸುತ್ತದೆಯೇ ಎಂದು ಅಂಗಡಿಗಳ ಗಾಜಿನಲ್ಲಿ ನೋಡಿದೆ. ನೋಡುತ್ತಾ ನಡೆದರೆ ಯಾರ ಕೈ ಸರಿಯಾಗಿ ಬೀಸೀತು? ಬೇಕರಿಯವರು ಚಹಾ ಕೊಟ್ಟರೆ ಲೋಟವನ್ನು ಎಡಗೈಯಲ್ಲಿ ಎತ್ತಿ, ಅಲುಗುತ್ತದೋ ಎಂದು ಚಹಾದ ಮೇಲ್ಮೈಯನ್ನೇ ನೋಡುತ್ತಾ ಕೂತೆ. ಅಲುಗಿತು. ಹೆದ್ದಾರಿಯಲ್ಲಿ ಲಾರಿ ಹೋದಾಗ ಆ ಕಟ್ಟಡವೇ ಅಲುಗುತ್ತದೆ ಎಂಬುದು ನೆನಪಿದ್ದರೂ ಸಮಾಧಾನವಾಗಲಿಲ್ಲ.

"ನಿಮಗೆ ಎಂತ ಆಗಿದೆ? ಬಟನ್ ಹಾಕ್ಲಿಕ್ಕೆ ಇಷ್ಟು ಹೊತ್ತಾ?" ಎಂದು ಒಂದು ಬೆಳಿಗ್ಗೆ ಹೆಂಡತಿ ಕೇಳಿದಳು.

"ಕೆಲಸದ ಮಂಡೆಬಿಸಿ" ಎಂದೆ. ಅವಳು ಕೇಳಿದ್ದೇ ಸಾಕ್ಷಿ ಎಂದು ಒಳಗೊಳಗೇ ಕುಸಿದೆ.

ಒಂದು ದಿನ ಧೈರ್ಯ ಮಾಡಿ ಮಂಗಳೂರಿನ ನರರೋಗದ ಡಾಕ್ಟರಿಗೆ ತೋರಿಸುವ ಎಂದು ಬಸ್ಸು ಹತ್ತಿದೆ. ಹೆಂಡತಿಗೆ ಹೇಳಲಿಲ್ಲ. ಫರಂಗಿಪೇಟೆ ಬರುವಾಗ ಬೆವರು ಇಳಿಯಿತು. ಡಾಕ್ಟರು ಹೇಳಿದ ಮೇಲೆ ಅದು ಇಲ್ಲವಾಗುವುದಿಲ್ಲ, ಹೇಳುವ ತನಕ ಇಲ್ಲದೆಯೂ ಇರಬಹುದು ಎನಿಸಿತು. ಅಲ್ಲಿಯೇ ಇಳಿದು, ರಸ್ತೆ ದಾಟಿ, ವಾಪಸ್ ಬಸ್ಸು ಹಿಡಿದೆ. ಕಂಡಕ್ಟರನ ಎಡಗೈಯನ್ನು ನೋಡದಿರಲು ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡಿದೆ.

ಅಕ್ಕನಿಗೂ ವಿಷಯ ಹೇಳಲಿಲ್ಲ. ಆದರೆ ಒಂದು ಸಂಜೆ ತಡೆಯಲಾಗದೆ ಫೋನ್ ಮಾಡಿದೆ. ಅವಳಿರುವುದು ಮೂಡುಬಿದಿರೆಯ ಹತ್ತಿರ ಪುತ್ತಿಗೆಯಲ್ಲಿ. ಭಾವ ಮಸ್ಕತ್ತಿನಲ್ಲಿದ್ದಾರೆ. ಬೀಡಿ ಬಿಟ್ಟ ಮೇಲೆ ಅವಳು ಟೈಲರಿಂಗ್ ಕಲಿತು, ಮನೆಯ ಜಗಲಿಯಲ್ಲಿ ಮೆಷಿನ್ ಇಟ್ಟು, ಆ ಕಡೆಯ ಹೆಂಗಸರ ರವಿಕೆಗಳನ್ನೆಲ್ಲ ಹೊಲಿಯುತ್ತಾಳೆ. ನಾನು ಅದೂ ಇದೂ ಮಾತಾಡಿದೆ. ನನ್ನ ಹೆಂಡತಿಯ ರವಿಕೆ ಆಯಿತಾ ಎಂದು ಕೇಳಿದೆ.

"ಹೊಲಿಗೆ ಆಗಿದೆ. ಹೆಮ್ಮಿಂಗ್ ಬಾಕಿ ಉಂಟು. ಈಗ ಕೈಹೊಲಿಗೆ ಎಲ್ಲ ಪಕ್ಕದ ಮನೆಯವಳಿಗೆ ಕೊಡ್ತೇನೆ ಮಾರಾಯ. ಕಣ್ಣು ಮಂಜು ಮಂಜು."

"ವಯಸ್ಸಾಯ್ತು ನಿನಗೆ" ಎಂದು ಕೀಟಲೆ ಮಾಡಿ, ಕೇಳಬೇಕಾದದ್ದನ್ನು ಕೇಳಿದೆ. "ಅಕ್ಕ, ಲಾಟೀನಿನವನ ಮೂರನೇ ಹಂತದ ಹಲಗೆ ನೆನಪುಂಟಾ? ಅದು ಫಾಸ್ಟ್ ಇತ್ತಾ, ಸ್ಲೋ ಇತ್ತಾ?"

"ಎಂತ ಫಾಸ್ಟ್? ಕುಡಿದವರ ಹಾಗೆ ತೂಗ್ತಾ ಇತ್ತು. ಒಂದು ಹಲಗೆ ಮೇಲೆ ಬರುವಷ್ಟರಲ್ಲಿ ನಾನೊಂದು ಬೀಡಿಯ ಬಾಯಿ ಮಡಚ್ತಾ ಇದ್ದೆ. ಮರ್ತುಹೋಯ್ತಾ?"

ನನ್ನ ನೆನಪು ಸುಳ್ಳಾಗಬಹುದು. ಅಕ್ಕನದೂ ಅದೇ ರೀತಿ ಸುಳ್ಳಾಗಲು ಹೇಗೆ ಸಾಧ್ಯ?

ಮತ್ತೆ ಅಸೆಂಬ್ಲಿಯ ಕಡತ ತೆರೆದೆ. ಈ ಸಲ ನಾನು ಬದಿಗಿಟ್ಟಿದ್ದ ಭಾಗವನ್ನು ಓದಿದೆ. ಗಿರಾಕಿ ಕೇಳಿದ್ದು ಅಮೆರಿಕದಲ್ಲಿ ಮಾರಿದ ಗೇಮನ್ನು. ಬೇರೆ ದೇಶಗಳಿಗೆಂದು ಸೇರಿಸಿದ್ದ ಕೆಲವು ಸಾಲುಗಳು ಕೊನೆಯಲ್ಲಿದ್ದವು, ನನಗೆ ಬೇಡವೆಂದು ಹಾರಿಸಿದ್ದೆ. ಆ ಕಾಲದ ಗೇಮ್‌ಗಳಿಗೆ ಸ್ವಂತ ಗಡಿಯಾರವಿಲ್ಲ, ಟೀವಿಯೇ ಗಡಿಯಾರ. ಟೀವಿ ಒಂದು ಚಿತ್ರ ಬಿಡಿಸಿ ಮುಗಿಸಿದಾಗಲೆಲ್ಲ ಗೇಮ್ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಮೆರಿಕದ ಟೀವಿ ಸೆಕೆಂಡಿಗೆ ಅರವತ್ತು ಸಲ ಚಿತ್ರ ಬಿಡಿಸಿದರೆ ನಮ್ಮ ಟೀವಿ, ಗಲ್ಫಿನ ಟೀವಿ, ಐವತ್ತು ಸಲ. ಈ ಗೇಮನ್ನು ನಮ್ಮ ಕಡೆಗೆ ಕಳಿಸುವಾಗ ಚಿತ್ರ ಪರದೆಗೆ ಹೊಂದುವಷ್ಟು ಮಾತ್ರ ತಿದ್ದಿ, ವೇಗವನ್ನು ಹಾಗೆಯೇ ಬಿಟ್ಟಿದ್ದರು. ಗಲ್ಫಿನಿಂದ ಬಂದ ಯಂತ್ರದಲ್ಲಿ ಆಡಿದ ನಮ್ಮಂಥವರಿಗೆಲ್ಲ ಲಾಟೀನಿನವ ನಿಧಾನವಾಗಿಯೇ ನಡೆದವನು.

ಇದೇನು ನನಗೆ ಗೊತ್ತಿಲ್ಲದ ವಿಷಯವಲ್ಲ. ನನ್ನ ಕಸುಬಿನಲ್ಲಿರುವ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಇದುವರೆಗೆ ಮಾಡಿದ ಯಾವ ಗೇಮಿನಲ್ಲಿಯೂ ನನ್ನ ಬಾಲ್ಯ ಇರಲಿಲ್ಲ, ಹಾಗಾಗಿ ಹೊಳೆಯಲಿಲ್ಲ. ಅಂದು ಪಟ್ಟಿ ಎಳೆದು ಎಲ್ಲಿ ನಿಲ್ಲಿಸಿದ್ದೆನೋ ಆ ಸಂಖ್ಯೆಯನ್ನು ತೆಗೆದು ನೋಡಿದೆ. ಐವತ್ತಕ್ಕೆ ಒಂದು ಕೂದಲೆಳೆಯಷ್ಟು ಆಚೆ. ಇಷ್ಟು ವರ್ಷದ ಮೇಲೆ ಕಿವಿ ಮತ್ತು ಬೆರಳನ್ನೇ ನಂಬಿ ಸರಿಯಾದ ಜಾಗಕ್ಕೆ ತಂದಿದ್ದೆ. ಕೆಟ್ಟುಹೋದ ಕೈಯಿಂದ ಆಗುವ ಕೆಲಸವೇ ಇದು? ಅಳು ಬಂತು, ನಗುವೂ ಬಂತು. ಕೆಳಗಿಳಿದು ಬೇಕರಿಯಲ್ಲಿ ಎರಡು ಬನ್ ತಿಂದು, ಬೇರೇನೂ ಯೋಚಿಸದೆ ಬಂಟ್ವಾಳಕ್ಕೆ ಬಂದು ಮೂಡುಬಿದಿರೆಯ ಬಸ್ಸು ಹತ್ತಿದೆ. ಸಿದ್ಧಕಟ್ಟೆಯ ದಾರಿಯುದ್ದಕ್ಕೂ ಕಂಡಕ್ಟರನ ಎಡಗೈಯನ್ನು ನೋಡಿದೆ, ಏನೂ ಆಗಲಿಲ್ಲ.

ಒಂದೇ ಒಂದು ಮುಳ್ಳು ಉಳಿದಿತ್ತು. ಎಡಗೈ ನಿಧಾನದ ಗೇಮಿನಲ್ಲಿಯೂ ತಡವರಿಸಿದ್ದು ಯಾಕೆ?

ಅಕ್ಕ ಮೆಷಿನ್ನಿನ ಮುಂದೆ ಕೂತಿದ್ದಳು. ನಾನು ಒಂದೇ ಉಸಿರಿನಲ್ಲಿ ನನ್ನ ಹೆದರಿಕೆಯನ್ನೂ, ಟೀವಿಯ ಕಥೆಯನ್ನೂ, ಫರಂಗಿಪೇಟೆಯಲ್ಲಿ ಇಳಿದದ್ದನ್ನೂ ಹೇಳಿದೆ. ಬಯ್ಯುತ್ತಾಳೆ ಎಂದುಕೊಂಡಿದ್ದೆ, ಬಯ್ಯಲಿಲ್ಲ. ಎದ್ದು ಒಳಗೆ ಹೋಗಿ ಚಹಾ ತಂದಳು. ಲೋಟದಲ್ಲಿ ಅರ್ಧ ಮಾತ್ರ ಇತ್ತು. ಅದನ್ನು ನನ್ನ ಮುಂದಿಟ್ಟು, ತನ್ನದನ್ನು ತರಲು ಮತ್ತೊಮ್ಮೆ ಒಳಗೆ ಹೋದಳು.

"ಅಪ್ಪನದ್ದು ನಿನಗೆ ಬಂದಿದೆ ಅಂತ ಇಷ್ಟು ದಿನ ಒಬ್ಬನೇ ಹೆದರಿದ್ದಾ?" ಎಂದಳು.

"ಹೌದು."

"ಈಗ ಇಲ್ಲ ಅಂತ ಗ್ಯಾರಂಟಿಯಾ?"

"ಹೆಚ್ಚು ಕಡಿಮೆ. ಬಾ, ಆಡುವ" ಎಂದು ಮೊಬೈಲಿನಲ್ಲಿ ನಿಧಾನದ ಗೇಮ್ ತೆರೆದೆ.

"ನನಗೆ ಬೇಡ ಮಾರಾಯ. ಮೀನು ಇನ್ನೂ ಕ್ಲೀನ್ ಮಾಡ್ಲಿಲ್ಲ."

"ಒಂದೇ ಸಲ."

ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ಪಕ್ಕದಲ್ಲಿ ಬಂದು ಕೂತು, ಮೊಬೈಲಿನ ಎಡತುದಿಯನ್ನು ಹಿಡಿದು, "ಕೈ ತೆಗಿ. ಎಡಗಡೆ ನನ್ನದು" ಎಂದಳು.

ಆಗ ನೆನಪಾಯಿತು. ಅಮ್ಮನ ತೀರ್ಪು, ಇಲಿ ಕಡಿದ ವಯರು, ಎಲ್ಲ. ನನ್ನ ಎಡಗೈ ಈ ಆಟವನ್ನು ಯಾವತ್ತೂ ಆಡಿಯೇ ಇರಲಿಲ್ಲ. ಕಲಿಯದೇ ಇದ್ದದ್ದನ್ನು ಮರೆತಿದೆ ಎಂದು ತಿಂಗಳುಗಟ್ಟಲೆ ಆ ಬಡಪಾಯಿ ಕೈಯನ್ನು ಅನುಮಾನಿಸಿದ್ದೆ. ಹೆದರಿದವನಿಗೆ ಇಂಥ ಸುಲಭದ ಮಾತು ಹೊಳೆಯುವುದೇ ಇಲ್ಲ. ನನಗೆ ಏನೂ ಆಗಿಲ್ಲ, ನನಗೆ ಏನೂ ಆಗಿಲ್ಲ ಎಂದು ಒಳಗೆ ಯಾರೋ ಕುಣಿಯುತ್ತಿದ್ದರು. ಮೂರನೇ ಹಂತ ಬಂದದ್ದೂ ತಿಳಿಯಲಿಲ್ಲ.

ಮೊದಲ ಹಲಗೆ ಬಂತು. ನಾನು ಹಾರಿಸಿದೆ. ಹಿಂದಿನ ಹೆಜ್ಜೆ ಬಿದ್ದಿರಲಿಲ್ಲ. ಲಾಟೀನಿನವ ಗುಂಡಿಗೆ ಹೋದ. ಇಬ್ಬರೂ ನಕ್ಕೆವು. ಮತ್ತೆ ಆಡಿದೆವು, ಹಿಂದಿನ ಹೆಜ್ಜೆ ಬಿತ್ತು, ಮುಂದಿನದು ಬರಲಿಲ್ಲ. ಮತ್ತೆ. ಮತ್ತೆ. ನಾನು ಪರದೆಯಿಂದ ಕಣ್ಣು ತೆಗೆದು ಅವಳ ಹೆಬ್ಬೆರಳನ್ನು ನೋಡಿದೆ. ಅದು ಗಾಜಿನ ಮೇಲೆ ಇಳಿಯಲು ಹೊರಟು, ಇಳಿಯದೆ, ಗಾಳಿಯಲ್ಲಿಯೇ ನಿಂತಿತ್ತು.

"ಇದು ಗಾಜು ಅಲ್ವಾ. ಬಟನ್ ಇದ್ದ ಹಾಗೆ ಬೆರಳಿಗೆ ಗೊತ್ತಾಗುವುದಿಲ್ಲ. ಎಲ್ಲರಿಗೂ ಹೀಗೇ ಆಗುವುದು" ಎಂದೆ.

"ನೀನು ಹಾರಿಸಿದ್ದೂ ಅದೇ ಗಾಜಿನ ಮೇಲೆ."

"ಅಕ್ಕ..."

"ಇದು ನಿಧಾನದ್ದೇ ಅಲ್ವಾ? ನಾವು ಆಡ್ತಾ ಇದ್ದದ್ದೇ ಅಲ್ವಾ?"

"ಹೌದು."

"ಹಾಗಾದ್ರೆ ನಿನ್ನದು ಗೇಮಿನ ತಪ್ಪು. ನನ್ನದು ಗೇಮಿನದ್ದಲ್ಲ." ಅವಳು ಮೊಬೈಲಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಕಣ್ಣು ಮಂಜು ಎಂದದ್ದು, ಹೆಮ್ಮಿಂಗನ್ನು ಪಕ್ಕದ ಮನೆಗೆ ಕೊಟ್ಟದ್ದು, ಅರ್ಧ ಲೋಟದ ಚಹಾ, ಎಲ್ಲವೂ ಒಟ್ಟಿಗೇ ಎದುರು ಬಂದು ನಿಂತವು. ಮಡಿಲಲ್ಲಿದ್ದ ಎಡಗೈಯ ಹೆಬ್ಬೆರಳು ತೋರುಬೆರಳಿನ ಮೇಲೆ ಮೆಲ್ಲಗೆ ಉಜ್ಜತೊಡಗಿತ್ತು, ಬೀಡಿ ಕಟ್ಟುವ ಹಾಗೆ. ಎಲೆಯೂ ಇಲ್ಲ, ನೂಲೂ ಇಲ್ಲ. ಅಮ್ಮ ಅಪ್ಪನಿಗೆ ಮಾಡಿದ ತಮಾಷೆ ನಮ್ಮಿಬ್ಬರಿಗೂ ನೆನಪಾಯಿತು.

ನನಗೆ ಬಂದದ್ದು ಬರೀ ದುಃಖ ಎಂದರೆ ಸುಳ್ಳಾಗುತ್ತದೆ. ಹೆದರಿಕೆ ಬಂತು, ಮೊದಲಿನದಕ್ಕಿಂತ ದೊಡ್ಡದು. ನನ್ನದೆಂದುಕೊಂಡಾಗ ಅದನ್ನು ಬಚ್ಚಿಡಬಹುದಿತ್ತು, ಫರಂಗಿಪೇಟೆಯಲ್ಲಿ ಇಳಿದು ಬಿಡಬಹುದಿತ್ತು. ಇಲ್ಲಿ ಇಳಿಯಲು ಜಾಗವಿರಲಿಲ್ಲ.

"ಯಾವಾಗಿಂದ?"

"ಹೋದ ಮಳೆಗಾಲದಿಂದ. ನಿನ್ನ ಭಾವನಿಗೆ ಹೇಳ್ಲಿಲ್ಲ. ನಿನಗೆ ಹೇಳಿದ್ರೆ ನೀನು ಹೆದರಿ ಸಾಯ್ತಿ ಅಂತ ಗೊತ್ತುಂಟಲ್ಲ."

ಮರುವಾರ ಅವಳನ್ನು ನಮ್ಮ ಮನೆಗೆ ಕರೆಸಿ, ಅಲ್ಲಿಂದ ಮಂಗಳೂರಿಗೆ ಕರೆದುಕೊಂಡು ಹೋದೆ. ಫರಂಗಿಪೇಟೆ ಬಂದಾಗ ಅವಳು ನನ್ನ ಮೊಣಕೈ ತಿವಿದು, "ಇಳಿಯುವುದಾ?" ಎಂದು ಕೀಟಲೆ ಮಾಡಿದಳು. ಡಾಕ್ಟರು ಅವಳನ್ನು ನಡೆಸಿ ನೋಡಿದರು, ಬೆರಳುಗಳನ್ನು ತಟ್ಟಲು ಹೇಳಿದರು. ನಾನು ಬಾಗಿಲ ಹತ್ತಿರ ನಿಂತು ಅವಳ ಎಡಗೈಯನ್ನು ನೋಡದೆ ಗೋಡೆ ನೋಡುತ್ತಿದ್ದೆ. ಅವರು ಹೇಳಿದ ಹೆಸರು ನಮಗೆ ಹೊಸದಾಗಿರಲಿಲ್ಲ.

ಲಾಟೀನಿನವ ಈಗ ಲೋಕದ ಮೊಬೈಲುಗಳಲ್ಲಿ ಅರವತ್ತರ ವೇಗದಲ್ಲಿ ಓಡುತ್ತಿದ್ದಾನೆ, ಗಿರಾಕಿ ಖುಷಿಯಲ್ಲಿದ್ದಾನೆ. ಅಕ್ಕನ ಮೊಬೈಲಿನಲ್ಲಿ ಮಾತ್ರ ನಾನು ಬೇರೆಯೇ ಒಂದನ್ನು ಹಾಕಿಕೊಟ್ಟಿದ್ದೇನೆ. ಬೆರಳಿಗೆ ವ್ಯಾಯಾಮ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದರಿಂದ ದಿನವೂ ಆಡುತ್ತಾಳೆ. ಮೊದಲು ಐವತ್ತರಲ್ಲಿ ಆಡುವೆನೆಂದು ಹಟ ಹಿಡಿದಳು. ಆಮೇಲೆ ನಾನೇ ಅವಳಿಗೆ ಹೇಳದೆ ಸ್ವಲ್ಪ ಇಳಿಸಿದೆ. ಇನ್ನೊಮ್ಮೆ ಅವಳೇ ಫೋನ್ ಮಾಡಿ, "ಹಲಗೆ ಸ್ವಲ್ಪ ಕಾಯುವ ಹಾಗೆ ಮಾಡ್ತಿಯಾ?" ಎಂದು ಕೇಳಿದಳು. ನನ್ನ ಕೆಲಸದಲ್ಲಿ ಇಷ್ಟು ಸುಲಭದ ತಿದ್ದುಪಡಿ ಬೇರೆ ಇಲ್ಲ, ಒಂದು ಸಂಖ್ಯೆ ಬದಲಿಸಿದರೆ ಮುಗಿಯಿತು. ಅದನ್ನು ಬದಲಿಸಲು ಕೂತಾಗಲೆಲ್ಲ ಹಳೆಯ ಸಂಖ್ಯೆಯನ್ನು ಎರಡೆರಡು ಸಲ ನೋಡುತ್ತೇನೆ.

ಮೊನ್ನೆ ಪುತ್ತಿಗೆಗೆ ಹೋದಾಗ ಮೊಬೈಲನ್ನು ನನ್ನ ಕೈಗೆ ಕೊಟ್ಟು, ಆಚೆ ತಿರುಗಿ ಕೂತಳು.

"ಈ ಸಲ ಎಷ್ಟಕ್ಕೆ ಇಳಿಸಿದೆ ಅಂತ ನನಗೆ ಹೇಳ್ಬೇಡ" ಎಂದಳು.

ನಾನು ಸಂಖ್ಯೆ ಬದಲಿಸಿದೆ. ಗೇಮ್ ತೆರೆದು ಇಬ್ಬರ ನಡುವೆ ಹಿಡಿದೆ. ಅವಳು ಎಡಗಡೆ ಬೆರಳಿಟ್ಟಳು. ಹಲಗೆ ಮೇಲೆ ಬಂತು, ನಾನು ಹಾರಿಸದೆ ಅವಳಿಗಾಗಿ ಕಾದೆ.